ತಮ್ಮ ತಪ್ಪಿಲ್ಲದ ಅಪಘಾತದಲ್ಲಿ ಕಾರು ವಿಮೆಯ ಕ್ಲೇಮು: ಸಲ್ಲಿಸುವ ಮುನ್ನ ತಿಳಿಯತಕ್ಕ ವಿಷಯಗಳು

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ)

1. ಪೀಠಿಕೆ

ಮೈಸೂರು ಜಿಲ್ಲೆಯ ನಂಜನಗೂಡು ಹಾಗೂ ತಿ. ನರಸೀಪುರ ಪಟ್ಟಣಗಳೆರಡೂ ರಾಷ್ಟ್ರೀಯ ಹೆದ್ದಾರಿ 766ರ ಮೇಲಿವೆ. ಹಿಂದೆ 212 ಎಂಬ ಸಂಖ್ಯೆಯಿದ್ದ ಈ ಹೆದ್ದಾರಿಯು ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರ ಮಾರ್ಗವಾಗಿ ಕೊಳ್ಳೇಗಾಲ ತಲುಪುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರ ಸ್ವಾಮಿಯ ದೊಡ್ಡ ಜಾತ್ರೆ, ಹುಣ್ಣಿಮೆಯ ದಿನಗಳು, ತಿ. ನರಸೀಪುರದ ತ್ರಿವೇಣಿ ಸಂಗಮದ ಸ್ನಾನ ಹಾಗೂ ತಲಕಾಡು, ಸೋಮನಾಥಪುರಗಳ ಪ್ರವಾಸದ ಕಾರಣ ಈ ರಸ್ತೆಗಳಲ್ಲಿ ಹೊರ ಊರಿನ ವಾಹನಗಳ ಸಂಚಾರ ಹೆಚ್ಚು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಾಗೂ ಲಾರಿಗಳೂ ಇದೇ ರಸ್ತೆಗಳನ್ನು ಬಳಸುತ್ತವೆ.

ನಿಂತ ಕಾರಿಗೆ ಹಿಂದಿನಿಂದ ಮತ್ತೊಂದು ವಾಹನ ತಗುಲಿದಾಗ ಅಥವಾ ಎದುರಿನ ವಾಹನ ತನ್ನ ಬದಿ ಬಿಟ್ಟು ಬಂದು ಉಜ್ಜಿದಾಗ ಕಾರಿನ ಮಾಲೀಕರಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ತಪ್ಪು ತಮ್ಮದಲ್ಲವಾದ್ದರಿಂದ ತಮ್ಮ ವಿಮೆಯಲ್ಲಿ ಕ್ಲೇಮು ಸಲ್ಲಿಸಿದರೆ ನಷ್ಟವೇನೂ ಆಗಲಾರದು ಎಂದು ಹಲವರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಭಾರತದಲ್ಲಿ ಚಾಲ್ತಿಯಲ್ಲಿರುವ ಪದ್ಧತಿಯಂತೆ, ತಪ್ಪು ಯಾರದೇ ಆಗಿದ್ದರೂ ಸ್ವಂತ ಹಾನಿಯ ಕ್ಲೇಮು ಪಡೆದಲ್ಲಿ ಮಾಲೀಕರು ವರ್ಷಗಳಿಂದ ಗಳಿಸಿದ ನೋ ಕ್ಲೇಮ್ ಬೋನಸ್ ರದ್ದಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಬೋನಸ್ ಉಳಿಸಿಕೊಳ್ಳುವ ಆಸೆಯಿಂದ ಪೊಲೀಸರಿಗಾಗಲಿ ವಿಮಾ ಸಂಸ್ಥೆಗಾಗಲಿ ತಿಳಿಸದೆ ಉಳಿದು, ಮುಂದೆ ದೊಡ್ಡ ಮೊತ್ತ ಕಳೆದುಕೊಂಡವರೂ ಇದ್ದಾರೆ. ಆದ್ದರಿಂದ ಅಪಘಾತದ ಮಾಹಿತಿಯನ್ನು ಕೂಡಲೇ ನೀಡುವುದು, ಕ್ಲೇಮು ಪಡೆಯುವ ನಿರ್ಧಾರವನ್ನು ಲೆಕ್ಕ ಹಾಕಿ ಕೈಗೊಳ್ಳುವುದು, ಈ ಎರಡನ್ನೂ ಬೇರೆ ಬೇರೆಯಾಗಿ ನೋಡತಕ್ಕದ್ದು. ಈ ಲೇಖನದ ಉದ್ದೇಶ ಅದನ್ನು ವಿವರಿಸುವುದಾಗಿದೆ.

2. ವಿಮಾ ಪಾಲಿಸಿಯ ಎರಡು ಭಾಗಗಳು

ಕಾರಿನ ಸಮಗ್ರ ವಿಮಾ ಪಾಲಿಸಿಯಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ.

ಅ) ಮೂರನೇ ವ್ಯಕ್ತಿಯ ಹೊಣೆಗಾರಿಕೆ: ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 146ರಂತೆ ಇದು ಕಡ್ಡಾಯ. ತಮ್ಮ ವಾಹನದಿಂದ ಇತರರಿಗೆ ಆದ ಸಾವು, ಗಾಯ ಅಥವಾ ಆಸ್ತಿ ಹಾನಿಗೆ ಈ ಭಾಗದಿಂದ ಪರಿಹಾರ ಸಲ್ಲುತ್ತದೆ. ವಿಮೆಯಿಲ್ಲದೆ ವಾಹನ ಚಲಾಯಿಸಿದಲ್ಲಿ ಕಲಂ 196ರಂತೆ ಮೊದಲ ಬಾರಿ ರೂ. 2,000 ದಂಡ ಅಥವಾ 3 ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಮರುಕಳಿಸಿದಲ್ಲಿ ದಂಡ ರೂ. 4,000.

ಆ) ಸ್ವಂತ ಹಾನಿ: ತಮ್ಮ ಕಾರಿಗೇ ಆದ ಹಾನಿಗೆ ಈ ಭಾಗ ಅನ್ವಯಿಸುತ್ತದೆ. ಇದು ಕಡ್ಡಾಯವಲ್ಲ. ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಈ ಭಾಗದ ಪ್ರೀಮಿಯಂಗೆ ಮಾತ್ರ ದೊರೆಯುತ್ತದೆ. ಮೂರನೇ ವ್ಯಕ್ತಿ ವಿಮೆಯ ಪ್ರೀಮಿಯಂಗೆ ದೊರೆಯುವುದಿಲ್ಲ.

2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ 3 ವರ್ಷಗಳ ಮೂರನೇ ವ್ಯಕ್ತಿ ವಿಮೆಯನ್ನು ಕಡ್ಡಾಯಗೊಳಿಸಲಾಗಿದೆ. ಇದರಿಂದಾಗಿ ಕೆಲವು ಕಾರುಗಳಿಗೆ ಎರಡು ಭಾಗಗಳ ವಿಮೆಯು ಎರಡು ಬೇರೆ ಸಂಸ್ಥೆಗಳಲ್ಲಿ ಇರುವುದುಂಟು. ಮಾಲೀಕರು ತಮ್ಮ ಪಾಲಿಸಿಯ ಅನುಸೂಚಿಯನ್ನು ನೋಡಿ ಯಾವ ಭಾಗ ಯಾವ ಸಂಸ್ಥೆಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಕೇವಲ ಮೂರನೇ ವ್ಯಕ್ತಿಯ ವಿಮೆ ಹೊಂದಿರುವವರಿಗೆ ತಮ್ಮ ಕಾರಿನ ಹಾನಿಗಾಗಿ ತಮ್ಮ ವಿಮಾ ಸಂಸ್ಥೆಯಿಂದ ಏನೂ ದೊರೆಯುವುದಿಲ್ಲ. ಅವರು ಎದುರು ವಾಹನದವರಿಂದಲೇ ಪರಿಹಾರ ಕೇಳಬೇಕಾಗುತ್ತದೆ.

3. ಅಪಘಾತದ ದಿನ ಮಾಡತಕ್ಕ ಕಾರ್ಯಗಳು

ಕ್ಲೇಮು ಪಡೆಯುವ ಬಗ್ಗೆ ನಿರ್ಧಾರ ಆಗಿರಲಿ, ಆಗದಿರಲಿ, ಈ ಕೆಳಕಂಡ ಕಾರ್ಯಗಳನ್ನು ತಪ್ಪದೆ ಮಾಡತಕ್ಕದ್ದು.

1) ಯಾರಿಗಾದರೂ ಗಾಯವಾಗಿದ್ದಲ್ಲಿ ಮೊದಲು ಚಿಕಿತ್ಸೆಗೆ ವ್ಯವಸ್ಥೆ ಮಾಡುವುದು. ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡುವುದು.

2) ಎದುರು ವಾಹನದ ನೋಂದಣಿ ಸಂಖ್ಯೆ, ಚಾಲಕರ ಹೆಸರು, ಚಾಲನಾ ಪರವಾನಗಿ ಸಂಖ್ಯೆ ಹಾಗೂ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳುವುದು. ಟ್ರ್ಯಾಕ್ಟರ್ ಆಗಿದ್ದಲ್ಲಿ ಟ್ರ್ಯಾಕ್ಟರ್ ಹಾಗೂ ಟ್ರೇಲರ್ ಎರಡರ ಸಂಖ್ಯೆಯನ್ನೂ ಬರೆದುಕೊಳ್ಳುವುದು.

3) ವಾಹನಗಳನ್ನು ಸರಿಸುವ ಮುನ್ನ, ಸಂಚಾರಕ್ಕೆ ಅಪಾಯವಿಲ್ಲದಿದ್ದಲ್ಲಿ, ಎರಡೂ ವಾಹನಗಳು ಇರುವ ಸ್ಥಿತಿ, ಹಾನಿಯಾದ ಭಾಗ, ಚಕ್ರದ ಗುರುತು ಹಾಗೂ ಹತ್ತಿರದ ಮೈಲಿಗಲ್ಲು ಕಾಣುವಂತೆ ಛಾಯಾಚಿತ್ರ ತೆಗೆಯುವುದು. ಕಂಡವರ ಹೆಸರು ಹಾಗೂ ದೂರವಾಣಿ ಸಂಖ್ಯೆ ಪಡೆಯುವುದು.

4) ಎದುರು ವಾಹನಕ್ಕೆ ಚಾಲ್ತಿ ವಿಮೆ ಇದೆಯೇ ಎಂಬುದನ್ನು ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ನಮೂದಿಸಿ ನೋಡುವುದು.

5) ಘಟನೆ ನಡೆದ ಸ್ಥಳದ ವ್ಯಾಪ್ತಿಯ ಪೊಲೀಸ್ ಠಾಣೆಗೆ ಮಾಹಿತಿ ನೀಡುವುದು. ಒಂದೇ ತಾಲ್ಲೂಕಿನಲ್ಲಿ ಹಲವು ಠಾಣೆಗಳಿರುವುದರಿಂದ ವ್ಯಾಪ್ತಿಯನ್ನು ವಿಚಾರಿಸಿ ದೂರು ನೀಡಿದಲ್ಲಿ ವಿಳಂಬ ತಪ್ಪುತ್ತದೆ. ಉದಾಹರಣೆಗೆ ನಂಜನಗೂಡು ಭಾಗದಲ್ಲಿ ಪಟ್ಟಣ ಹಾಗೂ ಗ್ರಾಮಾಂತರ ಠಾಣೆಗಳು ಬೇರೆ ಬೇರೆಯಾಗಿವೆ. ತಿ. ನರಸೀಪುರ ಭಾಗದಲ್ಲಿ ಬನ್ನೂರು ಹಾಗೂ ತಲಕಾಡಿನಲ್ಲಿ ಪ್ರತ್ಯೇಕ ಠಾಣೆಗಳಿವೆ.

6) ವಿಮಾ ಸಂಸ್ಥೆಗೆ ಅದೇ ದಿನ ಅಥವಾ ಮರುದಿನ ಮಾಹಿತಿ ನೀಡಿ, ಮಾಹಿತಿ ನೀಡಿದ್ದಕ್ಕೆ ಸಂಖ್ಯೆ ಅಥವಾ ಸ್ವೀಕೃತಿ ಪಡೆಯುವುದು.

ಮೋಟಾರು ವಾಹನಗಳ ಕಾಯ್ದೆಯ ಕಲಂ 134ರಂತೆ, ವ್ಯಕ್ತಿಗೆ ಗಾಯ ಅಥವಾ ಮೂರನೇ ವ್ಯಕ್ತಿಯ ಆಸ್ತಿಗೆ ಹಾನಿಯಾದಲ್ಲಿ ಚಾಲಕರು ಸ್ಥಳದಲ್ಲಿ ಪೊಲೀಸ್ ಅಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ವರದಿ ಮಾಡತಕ್ಕದ್ದು. ಪಾಲಿಸಿ ಸಂಖ್ಯೆ, ಘಟನೆಯ ದಿನ, ಸಮಯ ಹಾಗೂ ಸ್ಥಳ, ಗಾಯಗೊಂಡವರ ವಿವರ ಮತ್ತು ಚಾಲಕರ ವಿವರಗಳನ್ನು ವಿಮಾ ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸುವುದೂ ಇದೇ ಕಲಮಿನ ಪ್ರಕಾರ ಚಾಲಕರ ಕರ್ತವ್ಯವಾಗಿದೆ. ಇದು ತಪ್ಪಿಲ್ಲದ ಚಾಲಕರಿಗೂ ಅನ್ವಯಿಸುತ್ತದೆ.

ಮಾಹಿತಿ ನೀಡುವುದು ಬೇರೆ, ಹಣ ಪಡೆಯುವುದು ಬೇರೆ. ಮಾಹಿತಿ ನೀಡಿದ ನಂತರ ಹಣ ಬೇಡವೆಂದು ನಿರ್ಧರಿಸಿದಲ್ಲಿ, ಸಂದಾಯವಾಗುವ ಮುನ್ನವೇ ಕ್ಲೇಮನ್ನು ಹಿಂಪಡೆಯುವುದಾಗಿ ಬರೆದುಕೊಟ್ಟು, ಬೋನಸ್ ಉಳಿದಿದೆ ಎಂಬ ಬಗ್ಗೆ ವಿಮಾ ಸಂಸ್ಥೆಯಿಂದ ಲಿಖಿತ ದೃಢೀಕರಣ ಪಡೆಯತಕ್ಕದ್ದು.

4. ಮಾಲೀಕರ ಮುಂದಿರುವ ಮೂರು ದಾರಿಗಳು

ಮೊದಲನೆಯದು: ತಮ್ಮ ಪಾಲಿಸಿಯ ಸ್ವಂತ ಹಾನಿ ಭಾಗದಲ್ಲಿ ಕ್ಲೇಮು. ಇದು ಮೂರರಲ್ಲಿ ಶೀಘ್ರವಾದ ದಾರಿ. ಎದುರು ವಾಹನದವರ ಒಪ್ಪಿಗೆ ಬೇಕಾಗಿಲ್ಲ. ಬೋನಸ್ ಹೋಗುವುದು ಹಾಗೂ ಸವಕಳಿ ಕಡಿತವಾಗುವುದು ಇದರ ವೆಚ್ಚ.

ಎರಡನೆಯದು: ಎದುರು ವಾಹನದ ಮಾಲೀಕರು ಹಾಗೂ ಅವರ ವಿಮಾ ಸಂಸ್ಥೆಯಿಂದ ಮೂರನೇ ವ್ಯಕ್ತಿಯ ಆಸ್ತಿ ಹಾನಿಯಾಗಿ ಪರಿಹಾರ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಸಲ್ಲಿಸಿ, ಎದುರು ಚಾಲಕರ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು. ಖಾಸಗಿ ಕಾರುಗಳ ಪಾಲಿಸಿಯಲ್ಲಿ ಆಸ್ತಿ ಹಾನಿಯ ಮಿತಿ ಸಾಮಾನ್ಯವಾಗಿ ರೂ. 7.5 ಲಕ್ಷ. ಪ್ರೀಮಿಯಂ ಕಡಿಮೆ ಮಾಡಿಕೊಳ್ಳಲು ಈ ಮಿತಿಯನ್ನು ರೂ. 6,000ಕ್ಕೆ ಇಳಿಸಿಕೊಂಡವರೂ ಇರುತ್ತಾರೆ. ಅಂತಹ ಸಂದರ್ಭದಲ್ಲಿ ಉಳಿದ ಮೊತ್ತವನ್ನು ವಾಹನದ ಮಾಲೀಕರಿಂದಲೇ ವಸೂಲು ಮಾಡಬೇಕಾಗುತ್ತದೆ. ಈ ದಾರಿಯಲ್ಲಿ ಬೋನಸ್ ಉಳಿಯುತ್ತದೆ. ಆದರೆ ಸಮಯ, ವಕೀಲರ ಶುಲ್ಕ ಹಾಗೂ ವಿಚಾರಣೆಯ ದಿನಗಳಂದು ಹಾಜರಾಗುವ ಶ್ರಮ ಇರುತ್ತದೆ.

ಮೂರನೆಯದು: ತಾವೇ ಖರ್ಚು ಭರಿಸಿ ದುರಸ್ತಿ ಮಾಡಿಸುವುದು, ಅಥವಾ ಎದುರು ವಾಹನದವರು ಸ್ವ-ಇಚ್ಛೆಯಿಂದ ಕೊಡುವ ಮೊತ್ತವನ್ನು ಲಿಖಿತವಾಗಿ ಪಡೆದು ಮುಗಿಸುವುದು.

ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆಯಲು ಅವಕಾಶವಿಲ್ಲ. ತಮ್ಮ ವಿಮಾ ಸಂಸ್ಥೆಯು ಹಣ ನೀಡಿದ ನಂತರ, ಆ ಮೊತ್ತವನ್ನು ತಪ್ಪಿತಸ್ಥರಿಂದ ಕೇಳುವ ಹಕ್ಕು ವಿಮಾ ಸಂಸ್ಥೆಗೆ ವರ್ಗಾವಣೆಯಾಗುತ್ತದೆ. ಆದ್ದರಿಂದ ಎದುರು ವಾಹನದವರಿಂದ ಹಣ ಪಡೆದಿರುವುದನ್ನು ಮರೆಮಾಚಿ ಕ್ಲೇಮು ಸಲ್ಲಿಸತಕ್ಕದ್ದಲ್ಲ.

5. ನೋ ಕ್ಲೇಮ್ ಬೋನಸ್ ನಷ್ಟದ ಲೆಕ್ಕ

ಸ್ವಂತ ಹಾನಿಯ ಕ್ಲೇಮು ಇಲ್ಲದೆ ಕಳೆದ ವರ್ಷಗಳಿಗೆ ಅನುಗುಣವಾಗಿ ಬೋನಸ್ ಈ ಕೆಳಕಂಡಂತೆ ಏರುತ್ತದೆ.

ಒಂದು ವರ್ಷಕ್ಕೆ – ಶೇ. 20
ಸತತ ಎರಡು ವರ್ಷಗಳಿಗೆ – ಶೇ. 25
ಸತತ ಮೂರು ವರ್ಷಗಳಿಗೆ – ಶೇ. 35
ಸತತ ನಾಲ್ಕು ವರ್ಷಗಳಿಗೆ – ಶೇ. 45
ಸತತ ಐದು ವರ್ಷಗಳಿಗೆ – ಶೇ. 50

ಶೇ. 50 ಗರಿಷ್ಠ ಮಿತಿ. ಯಾವುದೇ ವರ್ಷದಲ್ಲಿ ಒಂದು ಕ್ಲೇಮು ಪಡೆದಲ್ಲಿ ಮುಂದಿನ ನವೀಕರಣದಲ್ಲಿ ಬೋನಸ್ ಸೊನ್ನೆಯಾಗಿ, ಮತ್ತೆ ಮೊದಲ ಮೆಟ್ಟಿಲಿನಿಂದ ಆರಂಭವಾಗುತ್ತದೆ. ನಷ್ಟವು ಒಂದು ವರ್ಷಕ್ಕೆ ಸೀಮಿತವಾಗದೆ, ಮತ್ತೆ ಶೇ. 50 ತಲುಪುವವರೆಗೆ ಐದು ನವೀಕರಣಗಳಲ್ಲಿ ಹಂಚಿಹೋಗುತ್ತದೆ. ಮೊದಲ ವರ್ಷದ ನಷ್ಟವನ್ನಷ್ಟೇ ನೋಡಿ ನಿರ್ಧರಿಸುವುದು ಸಾಮಾನ್ಯವಾಗಿ ಆಗುವ ತಪ್ಪು.

ಮುಂದಿನ ವರ್ಷಗಳಲ್ಲಿ ಬೇರೆ ಕ್ಲೇಮು ಇಲ್ಲವೆಂದೂ ಪ್ರೀಮಿಯಂ ಬದಲಾಗುವುದಿಲ್ಲವೆಂದೂ ಇಟ್ಟುಕೊಂಡು, ಐದೂ ನವೀಕರಣಗಳ ನಷ್ಟವನ್ನು ಕೂಡಿದಾಗ ದೊರೆಯುವ ಮೊತ್ತ ಕೆಳಕಂಡಂತಿದೆ. ಇಲ್ಲಿ ಶೇಕಡಾವಾರನ್ನು ಬೋನಸ್ ಕಳೆಯುವ ಮುಂಚಿನ, ಒಂದು ವರ್ಷದ ಸ್ವಂತ ಹಾನಿ ಪ್ರೀಮಿಯಂ ಮೇಲೆ ಲೆಕ್ಕ ಹಾಕಲಾಗಿದೆ.

ಚಾಲ್ತಿ ಪಾಲಿಸಿಯಲ್ಲಿ ಬೋನಸ್ ಇಲ್ಲದಿದ್ದಲ್ಲಿ – ಒಟ್ಟು ನಷ್ಟ ಶೇ. 50
ಚಾಲ್ತಿ ಬೋನಸ್ ಶೇ. 20 ಇದ್ದಲ್ಲಿ – ಒಟ್ಟು ನಷ್ಟ ಶೇ. 80
ಚಾಲ್ತಿ ಬೋನಸ್ ಶೇ. 25 ಇದ್ದಲ್ಲಿ – ಒಟ್ಟು ನಷ್ಟ ಶೇ. 105
ಚಾಲ್ತಿ ಬೋನಸ್ ಶೇ. 35 ಇದ್ದಲ್ಲಿ – ಒಟ್ಟು ನಷ್ಟ ಶೇ. 120
ಚಾಲ್ತಿ ಬೋನಸ್ ಶೇ. 45 ಅಥವಾ 50 ಇದ್ದಲ್ಲಿ – ಒಟ್ಟು ನಷ್ಟ ಶೇ. 125

ಉದಾಹರಣೆಗೆ ಚಾಲ್ತಿ ಬೋನಸ್ ಶೇ. 35 ಇರುವವರು ಕ್ಲೇಮು ಪಡೆಯದಿದ್ದಲ್ಲಿ ಮುಂದಿನ ಐದು ನವೀಕರಣಗಳಲ್ಲಿ ಶೇ. 45, 50, 50, 50, 50 ರಿಯಾಯಿತಿ ಪಡೆಯುತ್ತಾರೆ. ಕ್ಲೇಮು ಪಡೆದಲ್ಲಿ ಸೊನ್ನೆ, 20, 25, 35, 45 ಪಡೆಯುತ್ತಾರೆ. ಪ್ರತಿ ವರ್ಷದ ವ್ಯತ್ಯಾಸ 45, 30, 25, 15, 5. ಒಟ್ಟು 120.

ಕಾರು ಹಳೆಯದಾದಂತೆ ಅದರ ವಿಮಾ ಮೌಲ್ಯವೂ ಸ್ವಂತ ಹಾನಿ ಪ್ರೀಮಿಯಂ ಸಹ ಸಾಮಾನ್ಯವಾಗಿ ಇಳಿಯುವುದರಿಂದ ವಾಸ್ತವ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಮುಂದಿನ ವರ್ಷಗಳಲ್ಲಿ ಮತ್ತೊಂದು ಕ್ಲೇಮು ಅನಿವಾರ್ಯವಾದಲ್ಲಿ ಬೋನಸ್ ಹೇಗೂ ಹೋಗುವುದರಿಂದ ಈ ನಷ್ಟ ಇನ್ನೂ ಕಡಿಮೆಯಾಗುತ್ತದೆ. ಹೀಗಾಗಿ ಮೇಲಿನ ಅಂಕಿಗಳನ್ನು ಗರಿಷ್ಠ ನಷ್ಟವೆಂದು ತಿಳಿಯತಕ್ಕದ್ದು.

6. ಕ್ಲೇಮಿನಿಂದ ಕೈಗೆ ಬರುವ ಮೊತ್ತದ ಲೆಕ್ಕ

ಗ್ಯಾರೇಜಿನ ಬಿಲ್ಲಿನ ಪೂರ್ಣ ಮೊತ್ತ ವಿಮೆಯಿಂದ ಬರುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಈ ಕೆಳಕಂಡ ಕಡಿತಗಳಿರುತ್ತವೆ.

ಅ) ಕಡ್ಡಾಯ ಕಡಿತ: 1500 ಸಿ.ಸಿ.ವರೆಗಿನ ಕಾರುಗಳಿಗೆ ಪ್ರತಿ ಕ್ಲೇಮಿಗೆ ಸಾಮಾನ್ಯವಾಗಿ ರೂ. 1,000, ಅದಕ್ಕೂ ಹೆಚ್ಚಿನ ಸಾಮರ್ಥ್ಯದ ಕಾರುಗಳಿಗೆ ರೂ. 2,000. ಪ್ರೀಮಿಯಂ ಇಳಿಸಿಕೊಳ್ಳಲು ಸ್ವ-ಇಚ್ಛೆಯ ಕಡಿತವನ್ನು ಒಪ್ಪಿಕೊಂಡಿದ್ದಲ್ಲಿ ಅದೂ ಇದಕ್ಕೆ ಸೇರುತ್ತದೆ.

ಆ) ಸವಕಳಿ: ರಬ್ಬರ್, ನೈಲಾನ್ ಹಾಗೂ ಪ್ಲಾಸ್ಟಿಕ್ ಭಾಗಗಳು, ಟೈರು, ಟ್ಯೂಬು, ಬ್ಯಾಟರಿ ಮತ್ತು ಏರ್‌ಬ್ಯಾಗ್‌ಗಳಿಗೆ ಶೇ. 50. ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30. ಗಾಜಿನ ಭಾಗಗಳಿಗೆ ಸವಕಳಿ ಇಲ್ಲ. ಲೋಹ ಮುಂತಾದ ಇತರ ಭಾಗಗಳಿಗೆ ಕಾರಿನ ವಯಸ್ಸಿನಂತೆ: 6 ತಿಂಗಳವರೆಗೆ ಇಲ್ಲ, 1 ವರ್ಷದವರೆಗೆ ಶೇ. 5, 2 ವರ್ಷದವರೆಗೆ ಶೇ. 10, 3 ವರ್ಷದವರೆಗೆ ಶೇ. 15, 4 ವರ್ಷದವರೆಗೆ ಶೇ. 25, 5 ವರ್ಷದವರೆಗೆ ಶೇ. 35, 10 ವರ್ಷದವರೆಗೆ ಶೇ. 40, ಅದಕ್ಕೂ ಹಳೆಯದಾದಲ್ಲಿ ಶೇ. 50.

ಇ) ಬಣ್ಣ: ಬಣ್ಣದ ಸಾಮಗ್ರಿಯ ಬೆಲೆಗೆ ಶೇ. 50 ಸವಕಳಿ. ಸಾಮಗ್ರಿ ಹಾಗೂ ಕೂಲಿ ಒಟ್ಟಾಗಿ ಬಿಲ್ಲಾಗಿದ್ದಲ್ಲಿ ಒಟ್ಟು ಮೊತ್ತದ ಶೇ. 25ನ್ನು ಸಾಮಗ್ರಿಯೆಂದು ಪರಿಗಣಿಸಲಾಗುತ್ತದೆ.

ಸವಕಳಿರಹಿತ ವಿಮೆ ಎಂಬ ಹೆಚ್ಚುವರಿ ಸೌಲಭ್ಯ ಪಡೆದಿದ್ದಲ್ಲಿ ಸವಕಳಿಯ ಕಡಿತ ಇರುವುದಿಲ್ಲ. ವರ್ಷದಲ್ಲಿ ಎಷ್ಟು ಬಾರಿ ಈ ಸೌಲಭ್ಯ ದೊರೆಯುತ್ತದೆ ಎಂಬುದನ್ನು ಪಾಲಿಸಿಯಲ್ಲಿ ನೋಡತಕ್ಕದ್ದು.

7. ಮಾದರಿ ಲೆಕ್ಕ

ಈ ಕೆಳಕಂಡ ಲೆಕ್ಕವು ವಿವರಣೆಗಾಗಿ ಕಲ್ಪಿಸಿದ್ದಾಗಿದ್ದು, ತೆರಿಗೆಯನ್ನು ಸೇರಿಸಿರುವುದಿಲ್ಲ.

ನಂಜನಗೂಡಿನಲ್ಲಿ ರಸ್ತೆ ಬದಿ ನಿಂತಿದ್ದ, 4 ವರ್ಷ 6 ತಿಂಗಳು ಹಳೆಯದಾದ 1200 ಸಿ.ಸಿ. ಕಾರಿಗೆ ಹಿಂದೆ ಬಂದ ವಾಹನ ತಗುಲಿದೆ. ದುರಸ್ತಿಯ ಅಂದಾಜು ರೂ. 20,000.

ಪ್ಲಾಸ್ಟಿಕ್ ಬಂಪರ್ ರೂ. 6,000 – ಶೇ. 50 ಕಳೆದು ರೂ. 3,000
ಲೋಹದ ಭಾಗ ರೂ. 5,000 – ಶೇ. 35 ಕಳೆದು ರೂ. 3,250
ಬಣ್ಣ ರೂ. 6,000 – ಸಾಮಗ್ರಿ ರೂ. 1,500ರಲ್ಲಿ ಅರ್ಧ ಕಳೆದು ರೂ. 5,250
ಕೂಲಿ ರೂ. 3,000 – ಪೂರ್ಣ ರೂ. 3,000
ಒಟ್ಟು ರೂ. 14,500
ಕಡ್ಡಾಯ ಕಡಿತ ರೂ. 1,000
ಕೈಗೆ ಬರುವುದು ರೂ. 13,500

ಅಂದರೆ ಕ್ಲೇಮು ಪಡೆದರೂ ಮಾಲೀಕರು ರೂ. 6,500 ಭರಿಸಬೇಕು. ಇವರ ಸ್ವಂತ ಹಾನಿ ಪ್ರೀಮಿಯಂ ಬೋನಸ್ ಕಳೆಯುವ ಮುನ್ನ ರೂ. 10,000 ಹಾಗೂ ಚಾಲ್ತಿ ಬೋನಸ್ ಶೇ. 35 ಆಗಿದ್ದಲ್ಲಿ, ಬೋನಸ್ ನಷ್ಟ ಗರಿಷ್ಠ ರೂ. 12,000. ಕೈಗೆ ಬರುವ ರೂ. 13,500ಕ್ಕೆ ಹೋಲಿಸಿದಾಗ ಲಾಭ ಕೇವಲ ರೂ. 1,500. ಇಂತಹ ಸಂದರ್ಭದಲ್ಲಿ ಎದುರು ವಾಹನದವರು ದುರಸ್ತಿಯ ವೆಚ್ಚದಲ್ಲಿ ಒಂದು ಭಾಗವನ್ನಾದರೂ ಕೊಡಲು ಒಪ್ಪಿದಲ್ಲಿ ಕ್ಲೇಮು ಪಡೆಯದಿರುವುದೇ ಉತ್ತಮ.

ಅದೇ ಕಾರಿಗೆ ರೂ. 70,000 ಹಾನಿಯಾಗಿ ಕೈಗೆ ರೂ. 48,000 ಬರುವಂತಿದ್ದಲ್ಲಿ ಲೆಕ್ಕ ಸ್ಪಷ್ಟ. ಬೋನಸ್ ನಷ್ಟ ರೂ. 12,000ಕ್ಕೆ ಮೀರುವುದಿಲ್ಲವಾದ್ದರಿಂದ ಕ್ಲೇಮು ಪಡೆಯತಕ್ಕದ್ದು. ಹಾನಿ ದೊಡ್ಡದಾದಷ್ಟೂ ಕೈಗೆ ಬರುವ ಮೊತ್ತ ಏರುತ್ತದೆ, ಬೋನಸ್ ನಷ್ಟ ಮಾತ್ರ ಅಷ್ಟೇ ಇರುತ್ತದೆ.

8. ನಿರ್ಧಾರಕ್ಕೆ ಸಹಾಯಕವಾದ ಅಂಶಗಳು

1) ಕೈಗೆ ಬರುವ ಮೊತ್ತವು ಬೋನಸ್ ನಷ್ಟಕ್ಕಿಂತ ಕಡಿಮೆಯಿದ್ದಲ್ಲಿ ಕ್ಲೇಮು ಪಡೆಯದಿರುವುದು ಲೇಸು.

2) ಅದೇ ಪಾಲಿಸಿ ವರ್ಷದಲ್ಲಿ ಈಗಾಗಲೇ ಒಂದು ಕ್ಲೇಮು ಪಡೆದಿದ್ದಲ್ಲಿ ಬೋನಸ್ ಆಗಲೇ ಹೋಗಿರುತ್ತದೆ. ಎರಡನೆಯ ಕ್ಲೇಮಿನಿಂದ ಬೋನಸ್ಸಿಗೆ ಹೊಸ ನಷ್ಟವಿಲ್ಲ.

3) ಬೋನಸ್ ರಕ್ಷಣೆ ಎಂಬ ಹೆಚ್ಚುವರಿ ಸೌಲಭ್ಯ ಪಡೆದವರಿಗೆ, ಅದರ ಷರತ್ತುಗಳಿಗೆ ಒಳಪಟ್ಟು, ಬೋನಸ್ ಉಳಿಯುತ್ತದೆ.

4) ಹೊರಗೆ ಸಣ್ಣ ಗೀರು ಕಂಡರೂ ಒಳಗೆ ಚಾಸಿ, ಸಸ್ಪೆನ್ಷನ್, ರೇಡಿಯೇಟರ್ ಹಾನಿಯಾಗಿರಬಹುದು. ಗ್ಯಾರೇಜಿನ ಲಿಖಿತ ಅಂದಾಜು ಪಡೆಯುವ ಮುನ್ನ ನಿರ್ಧರಿಸತಕ್ಕದ್ದಲ್ಲ. ವಿಮಾ ಸಮೀಕ್ಷಕರು ನೋಡುವ ಮುನ್ನ ದುರಸ್ತಿ ಆರಂಭಿಸಿದಲ್ಲಿ ಕ್ಲೇಮಿಗೆ ಅಡಚಣೆಯಾಗುತ್ತದೆ.

5) ಬೋನಸ್ ವ್ಯಕ್ತಿಗೆ ಸೇರಿದ್ದು, ಕಾರಿಗಲ್ಲ. ಕಾರು ಮಾರುವ ಯೋಚನೆ ಇರುವವರು ಬೋನಸ್ ಪ್ರಮಾಣಪತ್ರ ಪಡೆದು, 3 ವರ್ಷಗಳೊಳಗೆ ಹೊಸ ಕಾರಿಗೆ ಬಳಸಿಕೊಳ್ಳಬಹುದು. ಹೊಸ ಕಾರಿನ ಪ್ರೀಮಿಯಂ ಹೆಚ್ಚಿರುವುದರಿಂದ ಅಂತಹವರಿಗೆ ಬೋನಸ್ಸಿನ ಬೆಲೆ ಇನ್ನೂ ಹೆಚ್ಚು.

6) ಪಾಲಿಸಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದಲ್ಲಿ ಕ್ಲೇಮು ಇಲ್ಲದೆಯೂ ಬೋನಸ್ ಹೋಗುತ್ತದೆ. ಕ್ಲೇಮು ಬಿಟ್ಟು ಉಳಿಸಿದ ಬೋನಸ್ಸನ್ನು ನವೀಕರಣದ ವಿಳಂಬದಿಂದ ಕಳೆದುಕೊಳ್ಳಬಾರದು.

7) ಕ್ಲೇಮು ಪಡೆದಿದ್ದನ್ನು ಮುಚ್ಚಿಟ್ಟು ಬೇರೆ ಸಂಸ್ಥೆಯಲ್ಲಿ ಬೋನಸ್ ಕೇಳುವುದು ಸುಳ್ಳು ಘೋಷಣೆಯಾಗುತ್ತದೆ. ಮುಂದಿನ ಸ್ವಂತ ಹಾನಿಯ ಕ್ಲೇಮು ಇದರಿಂದ ತಿರಸ್ಕೃತವಾಗಬಹುದು.

9. ಎದುರು ವಾಹನ ಯಾವುದು ಎಂಬುದರ ಮಹತ್ವ

ಅ) ರಸ್ತೆ ಸಾರಿಗೆ ನಿಗಮದ ಬಸ್ಸು: ಕಾಯ್ದೆಯ ಕಲಂ 146ರಡಿ ರಾಜ್ಯ ಸಾರಿಗೆ ಸಂಸ್ಥೆಗಳಿಗೆ, ಪರಿಹಾರಕ್ಕಾಗಿ ತಮ್ಮದೇ ನಿಧಿ ಸ್ಥಾಪಿಸಿದಲ್ಲಿ, ವಿಮೆಯಿಂದ ವಿನಾಯಿತಿ ನೀಡಲು ಅವಕಾಶವಿದೆ. ಇಂತಹ ಪ್ರಕರಣದಲ್ಲಿ ಪರಿಹಾರವನ್ನು ನಿಗಮದಿಂದಲೇ ಕೋರಬೇಕಾಗುತ್ತದೆ.

ಆ) ರಾಜ್ಯ ಸರ್ಕಾರದ ಇಲಾಖಾ ವಾಹನ: ಇವುಗಳ ವಿಮೆಯನ್ನು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೋಟಾರು ವಿಮಾ ಶಾಖೆಯು ನಿರ್ವಹಿಸುತ್ತದೆ.

ಇ) ಟ್ರ್ಯಾಕ್ಟರ್ ಹಾಗೂ ಟ್ರೇಲರ್: ಚಾಲ್ತಿ ವಿಮೆ ಇಲ್ಲದಿದ್ದಲ್ಲಿ ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆ. ಅವರಿಂದ ವಸೂಲಾಗುವ ಸಾಧ್ಯತೆ ಕಡಿಮೆಯೆಂದು ಕಂಡಲ್ಲಿ ಸ್ವಂತ ಹಾನಿಯ ಕ್ಲೇಮೇ ಹೆಚ್ಚು ಭದ್ರವಾದ ದಾರಿ.

ಈ) ಕೇರಳ, ತಮಿಳುನಾಡು ಮುಂತಾದ ಹೊರ ರಾಜ್ಯದ ವಾಹನ: ಕಲಂ 166ರಂತೆ ಅಪಘಾತ ನಡೆದ ಸ್ಥಳ, ಅರ್ಜಿದಾರರ ವಾಸ ಅಥವಾ ವ್ಯವಹಾರದ ಸ್ಥಳ ಅಥವಾ ಪ್ರತಿವಾದಿಯ ವಾಸಸ್ಥಳ, ಈ ಪೈಕಿ ಯಾವುದೇ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಬಹುದು. ಪರಿಹಾರಕ್ಕಾಗಿ ಹೊರ ರಾಜ್ಯಕ್ಕೆ ಹೋಗಬೇಕಾಗಿಲ್ಲ.

ಉ) ಪತ್ತೆಯಾಗದ ವಾಹನ: ಜಾತ್ರೆಯ ದಿನ ನಿಲುಗಡೆ ಸ್ಥಳದಲ್ಲಿ ಯಾವುದೋ ವಾಹನ ತಗುಲಿ ಹೋದಲ್ಲಿ, ಕಾರಿನ ಹಾನಿಗೆ ಸ್ವಂತ ಹಾನಿ ಕ್ಲೇಮು ಅಥವಾ ಸ್ವಂತ ಖರ್ಚು ಮಾತ್ರ ಉಳಿಯುತ್ತದೆ. ಗುದ್ದಿ ಓಡಿದ ವಾಹನಗಳ ಸರ್ಕಾರಿ ಪರಿಹಾರ ಯೋಜನೆಯು ಸಾವು ಹಾಗೂ ತೀವ್ರ ಗಾಯಕ್ಕೆ ಮಾತ್ರ ಅನ್ವಯಿಸುತ್ತದೆ, ವಾಹನದ ಹಾನಿಗೆ ಅಲ್ಲ.

10. ವ್ಯಕ್ತಿಗಳಿಗೆ ಗಾಯ ಅಥವಾ ಸಾವು ಸಂಭವಿಸಿದಲ್ಲಿ

2023ರ ಮೇ 29ರಂದು ತಿ. ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಕಾರು ಹಾಗೂ ಖಾಸಗಿ ಬಸ್ಸಿನ ನಡುವೆ ನಡೆದ ಡಿಕ್ಕಿಯಲ್ಲಿ, ಬಳ್ಳಾರಿ ಭಾಗದಿಂದ ಪ್ರವಾಸ ಬಂದಿದ್ದವರೂ ಸೇರಿದಂತೆ ಹತ್ತು ಮಂದಿ ಮೃತಪಟ್ಟರು. ಇಂತಹ ಪ್ರಕರಣಗಳಲ್ಲಿ ಮೇಲ್ಕಂಡ ಬೋನಸ್ ಲೆಕ್ಕಕ್ಕೆ ಯಾವ ಸ್ಥಾನವೂ ಇಲ್ಲ. ವ್ಯಕ್ತಿಗಳ ಪರಿಹಾರದ ಹಕ್ಕು ಬೇರೆಯೇ ಆಗಿದ್ದು, ಅದನ್ನು ರಸ್ತೆ ಬದಿಯಲ್ಲಿ ಬಿಟ್ಟುಕೊಡತಕ್ಕದ್ದಲ್ಲ.

ತಪ್ಪು ಸಾಬೀತುಪಡಿಸದೆಯೇ ದೊರೆಯುವ ಪರಿಹಾರ ಎಂಬುದು ಕಾಯ್ದೆಯಲ್ಲಿ ಪ್ರತ್ಯೇಕವಾಗಿ ಇದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಲಂ 164ರಂತೆ, ವಾಹನದ ಬಳಕೆಯಿಂದ ಸಾವು ಸಂಭವಿಸಿದಲ್ಲಿ ರೂ. 5 ಲಕ್ಷ ಹಾಗೂ ತೀವ್ರ ಗಾಯವಾದಲ್ಲಿ ರೂ. 2.5 ಲಕ್ಷ ಪರಿಹಾರವನ್ನು, ಯಾರ ನಿರ್ಲಕ್ಷ್ಯವನ್ನೂ ಸಾಬೀತುಪಡಿಸುವ ಅಗತ್ಯವಿಲ್ಲದೆ, ವಾಹನದ ಮಾಲೀಕರು ಅಥವಾ ವಿಮಾ ಸಂಸ್ಥೆಯಿಂದ ಕೋರಬಹುದು. ಎದುರು ಚಾಲಕರ ನಿರ್ಲಕ್ಷ್ಯ ಸಾಬೀತುಪಡಿಸಲು ಸಾಧ್ಯವಿದ್ದಲ್ಲಿ ಕಲಂ 166ರಡಿ ವಾಸ್ತವ ನಷ್ಟಕ್ಕೆ ಅನುಗುಣವಾಗಿ ಪರಿಹಾರ ಕೋರಬಹುದು. ಯಾವುದು ಸೂಕ್ತ ಎಂಬುದನ್ನು ವಕೀಲರೊಂದಿಗೆ ಚರ್ಚಿಸಿ ನಿರ್ಧರಿಸತಕ್ಕದ್ದು.

ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದಲ್ಲಿ ಕಲಂ 161 ಹಾಗೂ 2022ರ ಯೋಜನೆಯಂತೆ ಸಾವಿಗೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50,000 ಪರಿಹಾರವಿದೆ. ಅರ್ಜಿಯನ್ನು ಅಪಘಾತ ನಡೆದ ಉಪವಿಭಾಗ ಅಥವಾ ತಾಲ್ಲೂಕಿನ ಕ್ಲೇಮು ವಿಚಾರಣಾ ಅಧಿಕಾರಿಗೆ ಸಲ್ಲಿಸತಕ್ಕದ್ದು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುಗಳಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1.5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇದಲ್ಲದೆ ಮಾಲೀಕರೇ ಚಾಲಕರಾಗಿದ್ದು ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಹೊಂದಿದ್ದಲ್ಲಿ ಅದರ ಮೊತ್ತ ರೂ. 15 ಲಕ್ಷ.

ಕಾಲಮಿತಿ: ಕಲಂ 166ರಡಿ ಅರ್ಜಿಯನ್ನು ಅಪಘಾತದ ದಿನದಿಂದ 6 ತಿಂಗಳೊಳಗೆ ಸಲ್ಲಿಸುವಂತೆ 2022ರ ಏಪ್ರಿಲ್ 1ರಿಂದ ನಿಗದಿಪಡಿಸಲಾಗಿದೆ. ಈ ಕಾಲಮಿತಿಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆಯಾದರೂ, ಅರ್ಜಿದಾರರು ಅದನ್ನು ನಂಬಿ ವಿಳಂಬ ಮಾಡದೆ 6 ತಿಂಗಳೊಳಗೇ ಅರ್ಜಿ ಸಲ್ಲಿಸುವುದು ಕ್ಷೇಮಕರ.

ತನಿಖಾಧಿಕಾರಿಯು ಮೊದಲ ಅಪಘಾತ ವರದಿಯನ್ನು 48 ಗಂಟೆಗಳೊಳಗೆ ಹಾಗೂ ವಿವರವಾದ ಅಪಘಾತ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಸಲ್ಲಿಸಬೇಕೆಂದು 2022ರಿಂದ ಜಾರಿಯಲ್ಲಿರುವ ನಿಯಮಗಳು ತಿಳಿಸುತ್ತವೆ. ಎದುರು ವಾಹನದ, ಚಾಲಕರ ಹಾಗೂ ವಿಮೆಯ ವಿವರವನ್ನು ಪರಿಹಾರ ಕೋರುವವರಿಗೆ ನೀಡುವುದು ಕಲಂ 160ರಂತೆ ಠಾಣಾಧಿಕಾರಿ ಹಾಗೂ ನೋಂದಣಿ ಪ್ರಾಧಿಕಾರದ ಕರ್ತವ್ಯವಾಗಿದೆ.

11. ಸ್ಥಳದಲ್ಲೇ ರಾಜಿ ಮಾಡಿಕೊಳ್ಳುವವರ ಗಮನಕ್ಕೆ

ಹಾನಿ ಸಣ್ಣದಾಗಿದ್ದು ಯಾರಿಗೂ ಗಾಯವಾಗದಿದ್ದಲ್ಲಿ, ಊರಿನ ಹಿರಿಯರ ಸಮ್ಮುಖದಲ್ಲಿ ಮಾತನಾಡಿ ಮುಗಿಸುವ ರೂಢಿ ಈ ಭಾಗದಲ್ಲಿದೆ. ಬೋನಸ್ ಉಳಿಸಿಕೊಳ್ಳಲು ಇದು ಉಪಯುಕ್ತವೂ ಹೌದು. ಆದರೆ ಈ ಕೆಳಕಂಡ ಎಚ್ಚರಿಕೆಗಳು ಅಗತ್ಯ.

1) ಮೊತ್ತ, ದಿನಾಂಕ, ಎರಡೂ ವಾಹನಗಳ ಸಂಖ್ಯೆ ಹಾಗೂ ಯಾವ ಹಾನಿಗೆ ಹಣ ನೀಡಲಾಗಿದೆ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡುವುದು.
2) ಖಾಲಿ ಹಾಳೆಗೆ ಸಹಿ ಮಾಡತಕ್ಕದ್ದಲ್ಲ.
3) ನಂತರ ಕೊಡುತ್ತೇನೆಂಬ ಮಾತಿನ ಮೇಲೆ ಪೊಲೀಸ್ ದೂರನ್ನಾಗಲಿ ವಿಮಾ ಸಂಸ್ಥೆಗೆ ನೀಡುವ ಮಾಹಿತಿಯನ್ನಾಗಲಿ ಮುಂದೂಡತಕ್ಕದ್ದಲ್ಲ.
4) ಗಾಯದ ನೋವು ಕೆಲವೊಮ್ಮೆ ಎರಡು ಮೂರು ದಿನಗಳ ನಂತರ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ವ್ಯಕ್ತಿಗಳ ಗಾಯಕ್ಕೆ ಸಂಬಂಧಿಸಿದ ಹಕ್ಕನ್ನು ರಾಜಿ ಪತ್ರದಲ್ಲಿ ಬಿಟ್ಟುಕೊಡತಕ್ಕದ್ದಲ್ಲ.
5) ತಮ್ಮ ತಪ್ಪಿಲ್ಲದಿದ್ದರೂ ಜನ ಸೇರಿದರೆಂಬ ಕಾರಣಕ್ಕೆ ತಪ್ಪು ಒಪ್ಪಿಕೊಂಡು ಬರೆದುಕೊಡತಕ್ಕದ್ದಲ್ಲ. ಅಗತ್ಯವೆನಿಸಿದಲ್ಲಿ 112ಕ್ಕೆ ಕರೆ ಮಾಡುವುದು.

12. ಕ್ಲೇಮಿಗೆ ಬೇಕಾಗುವ ದಾಖಲೆಗಳು

ಭರ್ತಿ ಮಾಡಿದ ಕ್ಲೇಮು ನಮೂನೆ, ಪಾಲಿಸಿ ಪ್ರತಿ, ನೋಂದಣಿ ಪ್ರಮಾಣಪತ್ರ, ಅಪಘಾತದ ಸಮಯದಲ್ಲಿ ಚಲಾಯಿಸುತ್ತಿದ್ದವರ ಚಾಲನಾ ಪರವಾನಗಿ, ಪೊಲೀಸ್ ದೂರಿನ ಸ್ವೀಕೃತಿ ಅಥವಾ ಪ್ರಥಮ ವರ್ತಮಾನ ವರದಿ, ಛಾಯಾಚಿತ್ರಗಳು, ದುರಸ್ತಿಯ ಅಂದಾಜು ಹಾಗೂ ಅಂತಿಮ ಬಿಲ್ಲು, ಬ್ಯಾಂಕ್ ಖಾತೆಯ ವಿವರ. ಎಲ್ಲದರ ಒಂದು ಪ್ರತಿಯನ್ನು ತಮ್ಮಲ್ಲಿ ಉಳಿಸಿಕೊಳ್ಳತಕ್ಕದ್ದು.

13. ಕುಂದುಕೊರತೆ ನಿವಾರಣೆ

ತಮ್ಮ ವಿಮಾ ಸಂಸ್ಥೆಯು ಕ್ಲೇಮನ್ನು ತಿರಸ್ಕರಿಸಿದಲ್ಲಿ ಅಥವಾ ಕಡಿಮೆ ಮೊತ್ತ ನೀಡಿದಲ್ಲಿ ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡತಕ್ಕದ್ದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಲ್ಲದಿದ್ದಲ್ಲಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ರೂ. 50 ಲಕ್ಷದವರೆಗಿನ ಪ್ರಕರಣಗಳನ್ನು ಒಂಬುಡ್ಸ್‌ಮನ್ ಪರಿಶೀಲಿಸುತ್ತಾರೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಯಲ್ಲಿ ಅಥವಾ 155255 ಸಂಖ್ಯೆಯಲ್ಲಿಯೂ ದೂರು ದಾಖಲಿಸಬಹುದು. ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಲು ಅವಕಾಶವಿದೆ.

ಒಂಬುಡ್ಸ್‌ಮನ್ ಹಾಗೂ ಗ್ರಾಹಕರ ಆಯೋಗವು ತಮ್ಮ ಸ್ವಂತ ವಿಮಾ ಸಂಸ್ಥೆಯ ವಿರುದ್ಧದ ದೂರಿಗೆ ಮಾತ್ರ. ಎದುರು ವಾಹನದ ವಿಮಾ ಸಂಸ್ಥೆಯಿಂದ ಪರಿಹಾರ ಕೋರುವವರು ನ್ಯಾಯಮಂಡಳಿಗೇ ಹೋಗತಕ್ಕದ್ದು. ವಕೀಲರನ್ನು ನೇಮಿಸಿಕೊಳ್ಳಲು ಅನುಕೂಲವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಅಪಘಾತ ಪರಿಹಾರದ ಪ್ರಕರಣಗಳನ್ನು ಲೋಕ ಅದಾಲತ್‌ನಲ್ಲಿ ರಾಜಿ ಮೂಲಕ ಇತ್ಯರ್ಥಪಡಿಸಿಕೊಳ್ಳಲೂ ಅವಕಾಶವಿದೆ.

14. ಸಾರಾಂಶ

ತಪ್ಪು ಯಾರದೆಂಬುದು ಎದುರು ವಾಹನದವರ ಹೊಣೆಯನ್ನು ನಿರ್ಧರಿಸುತ್ತದೆ. ಅದು ಬೋನಸ್ಸನ್ನು ಕಾಪಾಡುವುದಿಲ್ಲ. ಮಾಲೀಕರು ಅದೇ ದಿನ ಮಾಹಿತಿ ನೀಡಿ, ಗ್ಯಾರೇಜಿನ ಅಂದಾಜು ಪಡೆದು, ಕೈಗೆ ಬರುವ ಮೊತ್ತವನ್ನು ಐದು ನವೀಕರಣಗಳ ಬೋನಸ್ ನಷ್ಟದೊಂದಿಗೆ ಹೋಲಿಸಿ ನಂತರ ನಿರ್ಧರಿಸತಕ್ಕದ್ದು. ವ್ಯಕ್ತಿಗಳಿಗೆ ಗಾಯವಾದಲ್ಲಿ ಈ ಲೆಕ್ಕವನ್ನು ಬದಿಗಿಟ್ಟು ಕಾನೂನಿನಂತೆ ಪರಿಹಾರ ಕೋರತಕ್ಕದ್ದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಪಾಲಿಸಿಯ ಷರತ್ತುಗಳು ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾಗಿರುವುದರಿಂದ ತಮ್ಮ ಪಾಲಿಸಿಯಲ್ಲಿ ನಮೂದಾಗಿರುವ ಷರತ್ತುಗಳೇ ಅಂತಿಮ.